ಗ್ಯಾಸ್‌ಗೆ ಹಾಕಿದರೆ ಜರ್ಕ್, ಪೆಟ್ರೋಲ್‌ನಲ್ಲಿ ಸರಿ: ಸಿಎನ್‌ಜಿ ಕಾರಿನ ದೋಷ ಹುಡುಕುವ ಬಗೆ

ಸಿಎನ್‌ಜಿ ಕಾರು ಜರ್ಕ್ ಹೊಡೆಯುತ್ತಿದೆ ಅಂತ ಗ್ಯಾರೇಜಿಗೆ ಒಯ್ದರೆ ಮೊದಲು ಕೇಳಿಬರುವ ಮಾತು "ಟ್ಯೂನಿಂಗ್ ಹೋಗಿದೆ" ಅನ್ನುವುದು. ಲ್ಯಾಪ್‌ಟಾಪ್ ಜೋಡಿಸುತ್ತಾರೆ, ಗ್ಯಾಸ್ ಮ್ಯಾಪ್ (ಯಾವಾಗ ಎಷ್ಟು ಗ್ಯಾಸ್ ಬಿಡಬೇಕು ಅನ್ನುವ ಕಂಪ್ಯೂಟರ್ ಪಟ್ಟಿ) ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾರೆ, ಒಂದು ರೌಂಡ್ ಹೊಡೆದು ಕಳಿಸುತ್ತಾರೆ. ಕೆಲವು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಮತ್ತೆ ಅದೇ ಕಥೆ. ಸವೆದ ಪ್ಲಗ್ಗನ್ನಾಗಲಿ, ಕಟ್ಟಿಕೊಂಡ ಫಿಲ್ಟರನ್ನಾಗಲಿ ಸಾಫ್ಟ್‌ವೇರ್‌ನಿಂದ ಸರಿ ಮಾಡಲು ಆಗುವುದಿಲ್ಲ, ಅಲ್ವಾ? ಸ್ವಲ್ಪ ಕಾಲ ಮುಚ್ಚಿಡಬಹುದು ಅಷ್ಟೇ. ಟ್ಯೂನಿಂಗ್ ಮಾಡಿಸಬಾರದು ಅಂತಲ್ಲ. ಅದು ಕೊನೆಯ ಕೆಲಸ. ಅದನ್ನು ಮೊದಲು ಮಾಡಿದರೆ ನಿಜವಾದ ದೋಷ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ.

ದಾಭೋಲ್–ಬೆಂಗಳೂರು ಗ್ಯಾಸ್ ಪೈಪ್‌ಲೈನ್ 2013ರಲ್ಲಿ ಬಂತು, ಕೊಚ್ಚಿ–ಮಂಗಳೂರು ಪೈಪ್‌ಲೈನ್ 2021ರ ಜನವರಿಯಲ್ಲಿ. ಈಗ ನಮ್ಮಲ್ಲೂ ಸಿಎನ್‌ಜಿ ಕಾರು ಸಾಮಾನ್ಯ. ಆದರೆ ಗ್ಯಾಸ್ ಬಲ್ಲ ಮೆಕ್ಯಾನಿಕ್ ಎಲ್ಲ ಊರಲ್ಲೂ ಸಿಗುವುದಿಲ್ಲ. ಹಾಗಾಗಿ ಮಾಲೀಕರೇ ಅರ್ಧ ದಾರಿ ಹುಡುಕಿಕೊಂಡು ಹೋದರೆ ದುಡ್ಡೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಇಲ್ಲಿ ಬರೆದಿರುವುದು ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ, ಎಂಜಿನ್‌ನ ಪ್ರತಿ ಸಿಲಿಂಡರ್‌ಗೆ ಬೇರೆ ಗ್ಯಾಸ್ ಇಂಜೆಕ್ಟರ್ ಇರುವ ಸೀಕ್ವೆನ್ಷಿಯಲ್ ಕಿಟ್‌ನ ಕಾರುಗಳಿಗೆ. ಹಳೆ ಮಿಕ್ಸರ್ ಕಿಟ್ ಮತ್ತು ಎಲ್‌ಪಿಜಿ ಆಟೋಗಳ ಬಗ್ಗೆ ಕೊನೆಯ ಕಡೆ ಎರಡು ಮಾತು ಇದೆ.

ಮುಟ್ಟುವ ಮೊದಲು

ಗ್ಯಾಸ್ ವಾಸನೆ ಬರುತ್ತಿದ್ದರೆ ದೋಷ ಹುಡುಕುವ ಕೆಲಸ ಅಲ್ಲಿಗೇ ನಿಲ್ಲಬೇಕು. ಎಂಜಿನ್ ಆಫ್ ಮಾಡಿ, ಬಾಗಿಲು, ಡಿಕ್ಕಿ ಎಲ್ಲ ತೆರೆಯಿರಿ. ಗ್ಯಾಸ್ ಸಿಲಿಂಡರ್ ಮೇಲಿನ ವಾಲ್ವ್ ಮುಚ್ಚಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ತೆಗೆಯಬೇಡಿ. ಸಿಎನ್‌ಜಿ ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಬಯಲಲ್ಲಿ ಮೇಲಕ್ಕೆ ಹೋಗಿಬಿಡುತ್ತದೆ. ಆದರೆ ಮುಚ್ಚಿದ ಶೆಡ್‌ನಲ್ಲಿ ಸೂರಿನ ಕೆಳಗೆ ತುಂಬಿಕೊಳ್ಳುತ್ತದೆ. ತುಂಬಿದ ಸಿಲಿಂಡರ್‌ನಲ್ಲಿ ಒತ್ತಡ 200 ಬಾರ್. ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಅಂತ ನೆನಪಿಟ್ಟುಕೊಂಡರೆ ಸಾಕು, ಸಿಲಿಂಡರ್‌ನಿಂದ ರೆಗ್ಯುಲೇಟರ್‌ (ಗ್ಯಾಸ್‌ನ ಒತ್ತಡ ಇಳಿಸುವ ಭಾಗ) ವರೆಗಿನ ಸ್ಟೀಲ್ ಪೈಪಿಗೆ ಸ್ಪ್ಯಾನರ್ ಹಾಕುವ ಆಸೆ ಯಾರಿಗೂ ಬರುವುದಿಲ್ಲ. ಸೋರುವ ಜಾಯಿಂಟನ್ನು ಒತ್ತಡ ಇರುವಾಗಲೇ ಬಿಗಿ ಮಾಡುವುದು ತೀರಾ ಅಪಾಯ. ಆ ಭಾಗದ ಕೆಲಸ ಅಧಿಕೃತ ಗ್ಯಾಸ್ ಮೆಕ್ಯಾನಿಕ್‌ಗೆ ಬಿಡಿ. ಉಳಿದದ್ದರಲ್ಲಿ ನಾವು ನೋಡಬಹುದಾದ್ದು ಬೇಕಾದಷ್ಟಿದೆ.

ಮೊದಲ ಪ್ರಶ್ನೆ: ಪೆಟ್ರೋಲ್‌ನಲ್ಲಿ ಹೇಗೆ ಓಡುತ್ತದೆ?

ಎರಡು ಇಂಧನದ ಕಾರಿನಲ್ಲಿ ಒಂದು ದೊಡ್ಡ ಅನುಕೂಲ ಇದೆ. ಎಂಜಿನ್ ಒಂದೇ, ಪ್ಲಗ್ ಒಂದೇ, ಗಾಳಿ ಬರುವ ದಾರಿ ಒಂದೇ. ಬದಲಾಗುವುದು ಇಂಧನ ಮಾತ್ರ. ಅಂದರೆ ಒಂದನ್ನು ಇನ್ನೊಂದರಿಂದ ಅಳೆಯಬಹುದು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಒಂದೇ ರಸ್ತೆಯಲ್ಲಿ, ಒಂದೇ ಗೇರಿನಲ್ಲಿ, ಎಸಿ ಎರಡು ಸಲವೂ ಆಫ್ ಇಟ್ಟು ಮೊದಲು ಪೆಟ್ರೋಲ್‌ನಲ್ಲಿ, ಆಮೇಲೆ ಗ್ಯಾಸ್‌ನಲ್ಲಿ ಓಡಿಸಿ. ಸಣ್ಣ ಏರು ಇರುವ ರಸ್ತೆ ಆದರೆ ಒಳ್ಳೆಯದು. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ ನೋಡಿ. ದೋಷ ಇದ್ದರೆ ಅಲ್ಲಿ ಬಾಯಿ ಬಿಡುತ್ತದೆ.

ಎರಡರಲ್ಲೂ ತೊಂದರೆ ಇದ್ದರೆ ಕಿಟ್ ಮುಟ್ಟಬೇಡಿ. ಅದು ಎಂಜಿನ್ ತೊಂದರೆ: ಏರ್ ಫಿಲ್ಟರ್, ವ್ಯಾಕ್ಯೂಮ್ ಸೋರಿಕೆ (ಬೇಡದ ಕಡೆಯಿಂದ ಎಂಜಿನ್‌ಗೆ ಗಾಳಿ ಸೇರುವುದು), ಆಕ್ಸಿಜನ್ ಸೆನ್ಸರ್, ಪ್ಲಗ್, ಕಂಪ್ರೆಷನ್ (ಎಂಜಿನ್ ಸಿಲಿಂಡರ್‌ನೊಳಗಿನ ಒತ್ತಡ). ಪೆಟ್ರೋಲ್‌ನಲ್ಲಿ ಮಾತ್ರ ತೊಂದರೆ ಅಂದರೆ ಕಾರಿನ ಪೆಟ್ರೋಲ್ ಪಂಪ್, ಇಂಜೆಕ್ಟರ್ ಅಥವಾ ಟ್ಯಾಂಕಿನಲ್ಲಿ ಕೊಳೆಯುತ್ತಿರುವ ಹಳೆ ಪೆಟ್ರೋಲ್. ಗ್ಯಾಸ್‌ನಲ್ಲಿ ಮಾತ್ರ ತೊಂದರೆ ಅಂದರೆ ಕಿಟ್... ಅಂತ ಹೇಳಿಬಿಡಬೇಡಿ. ಇಲ್ಲೇ ಹೆಚ್ಚಿನವರು ಎಡವುವುದು. ಗ್ಯಾಸ್‌ನಲ್ಲಿ ಮಾತ್ರ ಕಾಣುವ ಜರ್ಕ್‌ಗೆ ಬಹಳ ಸಲ ಕಾರಣ ಗ್ಯಾಸ್ ಅಲ್ಲ, ಕಿಡಿ. ಅದನ್ನು ಮುಂದೆ ವಿವರವಾಗಿ ನೋಡೋಣ.

ಬೆಳಗ್ಗೆ ಸ್ಟಾರ್ಟ್ ಆಗುತ್ತಿಲ್ಲ

ಬಂಕ್‌ನಲ್ಲಿ ಗ್ಯಾಸ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗದಿದ್ದರೆ ಇಳಿದು ಗ್ಯಾಸ್ ತುಂಬುವ ಜಾಗದ ಮುಚ್ಚಳ ನೋಡಿ. ಕಂಪನಿಯಿಂದಲೇ ಸಿಎನ್‌ಜಿ ಬರುವ ಈಗಿನ ಕಾರುಗಳಲ್ಲಿ ಅಲ್ಲೊಂದು ಮೈಕ್ರೋಸ್ವಿಚ್ ಇರುತ್ತದೆ. ಮುಚ್ಚಳ ಸರಿಯಾಗಿ ಕೂತಿಲ್ಲ ಅಂದರೆ ಎಂಜಿನ್ ಸ್ಟಾರ್ಟ್ ಆಗಲು ಅದು ಬಿಡುವುದಿಲ್ಲ. ಟೋಯಿಂಗ್ ಗಾಡಿ ಕರೆಸಿದ ಮೇಲೆ ಇದು ಗೊತ್ತಾದರೆ ಬೇಜಾರು. ಸ್ವಿಚ್ಚಿನ ಮೇಲೆ ಧೂಳು ಕೂತಿದ್ದರೂ ಹೀಗೇ ಆಗುತ್ತದೆ.

ಎಲ್ಲ ಕಾರುಗಳೂ ಒಂದೇ ರೀತಿ ಸ್ಟಾರ್ಟ್ ಆಗುವುದಿಲ್ಲ. ಮಾರುತಿಯ ಎಸ್-ಸಿಎನ್‌ಜಿ ಮತ್ತು ಹೊರಗೆ ಹಾಕಿಸಿದ ಸೀಕ್ವೆನ್ಷಿಯಲ್ ಕಿಟ್‌ಗಳು ಸಾಮಾನ್ಯವಾಗಿ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸ್‌ಗೆ ಬದಲಾಗುತ್ತವೆ. ಟಾಟಾದ ಐಸಿಎನ್‌ಜಿ ಕಾರುಗಳು ನೇರವಾಗಿ ಗ್ಯಾಸ್‌ನಲ್ಲೇ ಸ್ಟಾರ್ಟ್ ಆಗುತ್ತವೆ. ನಿಮ್ಮದು ಮೊದಲ ಗುಂಪಿನದಾದರೆ, ಬೆಳಗ್ಗೆ ಸ್ಟಾರ್ಟ್ ಆಗದಿರುವುದು ಪೆಟ್ರೋಲ್ ಕಡೆಯ ತೊಂದರೆ. ಗ್ಯಾಸ್‌ಗೂ ಅದಕ್ಕೂ ಆ ಹೊತ್ತಿನಲ್ಲಿ ಸಂಬಂಧವೇ ಇಲ್ಲ.

ಸಿಎನ್‌ಜಿ ಹಾಕಿಸಿದವರು ಪೆಟ್ರೋಲ್ ಕಡೆ ತಿರುಗಿ ನೋಡುವುದಿಲ್ಲ. ಸ್ಟಾರ್ಟ್ ಮಾಡಲು ಮಾತ್ರ ಬೇಕು ಅಂತ ಒಂದೆರಡು ಲೀಟರ್ ಹಾಕಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮುಕ್ಕಾಲು ಖಾಲಿ ಟ್ಯಾಂಕ್ ಅಂದರೆ ಮುಕ್ಕಾಲು ಗಾಳಿ. ಮಳೆಗಾಲದ ಕರಾವಳಿಯಲ್ಲೋ ಮಲೆನಾಡಿನಲ್ಲೋ ಆ ಗಾಳಿಯಲ್ಲಿ ಎಷ್ಟು ನೀರಿರುತ್ತದೆ ಅಂತ ಹೇಳಬೇಕಾಗಿಲ್ಲ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಸೇರಿಕೊಂಡು ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದೂ ತಳದಿಂದಲೇ. ಜೊತೆಗೆ ಪೆಟ್ರೋಲ್‌ನ ಬೇಗ ಆವಿಯಾಗುವ ಭಾಗ ಹೋಗಿಬಿಟ್ಟಿರುತ್ತದೆ. ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲು ಬೇಕಾದ್ದು ಅದೇ ಭಾಗ.

ಪರೀಕ್ಷೆ ಸುಲಭ. ಮೆಕ್ಯಾನಿಕ್ ಹತ್ತಿರ ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ತೆಗೆಸಿ, ಅಲುಗಾಡಿಸದೆ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸಲೇಬೇಕು, ಹೊಸ ಪೆಟ್ರೋಲ್ ಸೇರಿಸಿದರೆ ಸಾಲದು. ಪದರ ಇಲ್ಲ, ಆದರೆ ವಾಸನೆ ಹುಳಿಹುಳಿಯಾಗಿ ವಾರ್ನಿಷ್ ತರಹ ಇದೆ ಅಂದರೆ ಅದೂ ಹಳತಾಗಿದೆ ಅಂತಲೇ ಅರ್ಥ. ಕಾಲು ಟ್ಯಾಂಕ್ ಆದರೂ ಪೆಟ್ರೋಲ್ ಇರಲಿ. ದಿನಕ್ಕೆ ಕೆಲವು ಕಿಲೋಮೀಟರ್ ಪೆಟ್ರೋಲ್‌ನಲ್ಲೇ ಓಡಿಸಿ. ಟ್ಯಾಂಕಿನೊಳಗಿನ ಪಂಪ್ ತಂಪಾಗುವುದು ಸುತ್ತ ಇರುವ ಪೆಟ್ರೋಲ್‌ನಿಂದ. ಹಲವು ಹಳೆ ಕಿಟ್‌ಗಳಲ್ಲಿ ಗಾಡಿ ಗ್ಯಾಸ್‌ನಲ್ಲಿ ಓಡುವಾಗಲೂ ಆ ಪಂಪ್ ಸುತ್ತುತ್ತಲೇ ಇರುತ್ತದೆ. ಖಾಲಿ ಟ್ಯಾಂಕಿನಲ್ಲಿ ಸುತ್ತಿ ಸುಟ್ಟ ಪಂಪಿನ ಬೆಲೆ, ಉಳಿಸಿದ ಪೆಟ್ರೋಲ್‌ಗಿಂತ ಬಹಳ ಜಾಸ್ತಿ.

ಗ್ಯಾಸ್‌ಗೆ ಬದಲಾಗುತ್ತಲೇ ಇಲ್ಲ

ಸ್ವಿಚ್ ಒತ್ತಿದರೆ ಲೈಟ್ ಮಿನುಗುತ್ತಲೇ ಇರುತ್ತದೆ, ಗ್ಯಾಸ್‌ಗೆ ಹೋಗುವುದಿಲ್ಲ. ಮೊದಲು ಡಿಕ್ಕಿ ತೆರೆದು ಸಿಲಿಂಡರ್ ವಾಲ್ವ್ ತೆರೆದಿದೆಯಾ ನೋಡಿ. ಸರ್ವಿಸ್‌ನಲ್ಲಿ ಮುಚ್ಚಿ ಹಾಗೇ ಬಿಟ್ಟಿರುತ್ತಾರೆ, ಇಲ್ಲವೇ ಸೂಟ್‌ಕೇಸ್ ತಗುಲಿ ತಿರುಗಿರುತ್ತದೆ.

ಮುಂದಿನದು ಬಿಸಿ. ರೆಗ್ಯುಲೇಟರ್ ಸ್ವಲ್ಪ ಬಿಸಿಯಾದ ಮೇಲೆಯೇ ಕಿಟ್ ಗ್ಯಾಸ್ ಬಿಡುತ್ತದೆ. ಕಿಟ್‌ನ ಸೆಟ್ಟಿಂಗ್ ಮೇಲೆ ಇದು 30ರಿಂದ 40 ಡಿಗ್ರಿ ಸುತ್ತಮುತ್ತ ಇರುತ್ತದೆ. ಈ ಬಿಸಿ ಬರುವುದು ಎಂಜಿನ್ ತಂಪು ಮಾಡುತ್ತಾ ಹರಿಯುವ ದ್ರವ, ಅಂದರೆ ಕೂಲಂಟ್‌ನಿಂದ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಬದಲಾಗಲು ತಡವಾದರೆ ಅದು ದೋಷ ಅಲ್ಲ. ಹತ್ತು ಹದಿನೈದು ನಿಮಿಷ ಓಡಿಸಿದರೂ ಬದಲಾಗದಿದ್ದರೆ, ಟೆಂಪರೇಚರ್ ಮುಳ್ಳು ಮೇಲೆ ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡದ ಭಾಗ) ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಯಾರೋ ಅದನ್ನು ಕಿತ್ತೇ ಹಾಕಿದ್ದಾರೆ. "ಅದನ್ನು ತೆಗೆದುಬಿಟ್ರೆ ಎಂಜಿನ್ ಹೀಟೇ ಆಗಲ್ಲ ಸರ್" ಅನ್ನುವ ಹಳೆ ಉಪಾಯ ಇನ್ನೂ ನಮ್ಮಲ್ಲಿ ಬದುಕಿದೆ. ಸಿಎನ್‌ಜಿ ಕಾರಿಗೆ ಅದು ಎರಡು ಪಟ್ಟು ಕೆಟ್ಟದ್ದು. ಗ್ಯಾಸ್‌ಗೆ ಬದಲಾಗುವುದು ತಡ, ಅಷ್ಟು ಹೊತ್ತೂ ಪೆಟ್ರೋಲ್ ಖರ್ಚು.

ಎಂಜಿನ್ ಬಿಸಿ ಇದ್ದು ರೆಗ್ಯುಲೇಟರ್ ಮಾತ್ರ ತಣ್ಣಗಿದ್ದರೆ ಅದಕ್ಕೆ ಹೋಗುವ ಎರಡು ಕೂಲಂಟ್ ಪೈಪ್‌ಗಳ ಹತ್ತಿರ ಕೈ ಹಿಡಿದು ನೋಡಿ, ಸುಡಬಹುದು, ಹುಷಾರು. ಎರಡೂ ಬಿಸಿ ಇರಬೇಕು. ಒಂದು ಬಿಸಿ, ಒಂದು ತಣ್ಣಗೆ ಅಂದರೆ ಕೂಲಂಟ್ ಹರಿಯುತ್ತಿಲ್ಲ. ಕೂಲಂಟ್ ಕಡಿಮೆ ಇರಬಹುದು, ಬದಲಿಸಿದಾಗ ಒಳಗೆ ಗಾಳಿ ಸಿಕ್ಕಿರಬಹುದು, ಅಥವಾ ಬರೀ ಬೋರ್‌ವೆಲ್ ನೀರು ಹಾಕಿ ಹಾಕಿ ರೆಗ್ಯುಲೇಟರ್‌ನ ಸಣ್ಣ ದಾರಿಯಲ್ಲಿ ಸುಣ್ಣ, ತುಕ್ಕು ಕಟ್ಟಿರಬಹುದು.

ಬಿಸಿಯೂ ಸರಿ, ವಾಲ್ವೂ ಸರಿ ಅಂದರೆ ಕರೆಂಟ್ ಕಡೆ ಬನ್ನಿ. ಬಾನೆಟ್ ತೆರೆದು ಒಬ್ಬರು ಕಿವಿ ಕೊಡಲಿ, ಇನ್ನೊಬ್ಬರು ಗ್ಯಾಸ್‌ಗೆ ಹಾಕಲಿ. ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಗ್ಯಾಸ್ ವಾಲ್ವ್) ತೆರೆಯುವಾಗ "ಟಕ್" ಅಂತ ಕೇಳಬೇಕು. ಸದ್ದು ಇಲ್ಲ ಅಂದರೆ ಕಿಟ್‌ನ ಫ್ಯೂಸ್, ಅರ್ತ್ ವೈರ್, ಸಾಕೆಟ್ ನೋಡಿ. ಇಲಿ ಕಡಿದ ವೈರ್ ಇದೆಯಾ ಅಂತಲೂ ನೋಡಿ. ನಿಲ್ಲಿಸಿಟ್ಟ ಕಾರುಗಳಲ್ಲಿ ಇದು ತಮಾಷೆಯ ಮಾತಲ್ಲ.

ಜರ್ಕ್ ಮತ್ತು ಮಿಸ್ಸಿಂಗ್

ಮೀಥೇನ್‌ಗೆ ಕಿಡಿ ಹಚ್ಚುವುದು ಪೆಟ್ರೋಲ್‌ಗೆ ಹಚ್ಚಿದಷ್ಟು ಸುಲಭ ಅಲ್ಲ. ಪ್ಲಗ್‌ನ ಎರಡು ತುದಿಗಳ ನಡುವೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಎಂಜಿನ್ ಮೇಲೆ ಭಾರ ಬಿದ್ದಷ್ಟೂ ಈ ಬೇಡಿಕೆ ಹೆಚ್ಚುತ್ತದೆ. ಪ್ಲಗ್ ಸವೆದು ಗ್ಯಾಪ್ ಅಗಲವಾದರೆ ಪೆಟ್ರೋಲ್‌ನಲ್ಲಿ ಕಾಯಿಲ್ (ಪ್ಲಗ್‌ಗೆ ಹೆಚ್ಚು ವೋಲ್ಟೇಜ್ ಕೊಡುವ ಭಾಗ) ಹೇಗೋ ಸಂಭಾಳಿಸುತ್ತದೆ. ಗ್ಯಾಸ್‌ನಲ್ಲಿ ಕೈಚೆಲ್ಲುತ್ತದೆ. ಪ್ಲಗ್‌ನಲ್ಲಿ ಹಾರಬೇಕಾದ ಕಿಡಿ ಕಾಯಿಲ್‌ನ ರಬ್ಬರ್ ಬೂಟಿನ ಸಣ್ಣ ಬಿರುಕಿನಿಂದ ಎಂಜಿನ್‌ನ ಲೋಹಕ್ಕೆ ಹಾರಿಬಿಡುತ್ತದೆ. ಪೆಟ್ರೋಲ್‌ನಲ್ಲಿ ಬೆಣ್ಣೆಯಂತೆ ಓಡುವ ಕಾರು ಗ್ಯಾಸ್‌ನಲ್ಲಿ ಏರು ಹತ್ತುವಾಗ ಮುಗ್ಗರಿಸುವುದು ಇದರಿಂದಲೇ. ಮಾಲೀಕರು ಬೈಯುವುದು ಮಾತ್ರ ಕಿಟ್ ಕಂಪನಿಯನ್ನು.

ಹಾಗಾಗಿ ಗ್ಯಾಸ್‌ನಲ್ಲಿ ಮಾತ್ರ ಜರ್ಕ್ ಇದ್ದರೆ ಮೊದಲು ಪ್ಲಗ್ ಬಿಚ್ಚಿಸಿ. ನಡುವಿನ ತುದಿಯ ಅಂಚು ಚೂಪಾಗಿರಬೇಕು. ದುಂಡಗಾಗಿದ್ದರೆ ಕಥೆ ಮುಗಿದಿದೆ. ಫೀಲರ್ ಗೇಜ್‌ನಿಂದ ಗ್ಯಾಪ್ ಅಳೆಸಿ, ಕಾರಿನ ಮ್ಯಾನುಯಲ್‌ನಲ್ಲಿರುವ ಅಳತೆಗೆ ಹೋಲಿಸಿ. ಪೆಟ್ರೋಲ್‌ಗೆ 1 ಮಿ.ಮೀ. ದಾಟಿದ ಗ್ಯಾಪ್ ನಡೆಯುವ ಎಂಜಿನ್‌ಗಳಿವೆ. ಗ್ಯಾಸ್‌ಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುವುದೇ ಒಳ್ಳೆಯದು. ಇರಿಡಿಯಂ ಪ್ಲಗ್ ಆದರೆ ನಡುವಿನ ತುದಿ ಸೂಜಿಯಷ್ಟು ಸಣ್ಣದು, ಅದನ್ನು ಬಡಿದು ಬಗ್ಗಿಸಲು ಹೋಗಬಾರದು. ಪೆಟ್ರೋಲ್ ಕಾರಿಗೆ ಹೇಳಿದ ಕಿಲೋಮೀಟರ್‌ವರೆಗೆ ಗ್ಯಾಸ್ ಕಾರಿನ ಪ್ಲಗ್ ಬಾಳುತ್ತದೆ ಅಂತ ನಂಬಬೇಡಿ, ಮೊದಲೇ ಬದಲಿಸಿ. ಕಾರಿನಲ್ಲಿ ಇಷ್ಟು ಅಗ್ಗದ ರಿಪೇರಿ ಕಡಿಮೆ.

ಪ್ಲಗ್ ಸರಿ ಇದ್ದರೆ ಕಾಯಿಲ್. ರಬ್ಬರ್ ಬೂಟಿನ ಒಳಗೆ, ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್ ಗೀಚಿದಂತೆ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲಿಂದ ಸೋರುತ್ತಿದೆ. ಮಳೆಗಾಲದಲ್ಲಿ ಮಾತ್ರ ಬರುವ ಜರ್ಕ್‌ಗೆ ಇದೇ ಮೊದಲ ಅನುಮಾನ.

ಈಗ ಒಂದು ಒಳ್ಳೆಯ ಪರೀಕ್ಷೆ. ಎಂಜಿನ್ ಕಂಪ್ಯೂಟರ್‌ನ ಮಾಹಿತಿಯನ್ನು ಮೊಬೈಲಿನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಎಂಜಿನ್ ಲೈಟ್ ಬಂದಿದ್ದರೆ ಕೋಡ್ ಓದಿ. ಪಿ0302 ಅಂದರೆ ಎಂಜಿನ್‌ನ ಎರಡನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್ (ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದು), ಪಿ0303 ಅಂದರೆ ಮೂರನೆಯದು. ಪಿ0302 ಬಂದಿದೆ ಅಂತಿಟ್ಟುಕೊಳ್ಳಿ. ಈಗ ಎರಡನೆಯ ಕಾಯಿಲ್ ಮೂರನೆಯದಕ್ಕೆ, ಮೂರನೆಯದು ಎರಡನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಮತ್ತೆ ಗ್ಯಾಸ್‌ನಲ್ಲಿ ಓಡಿಸಿ. ಕೋಡ್ ಮೂರಕ್ಕೆ ಹೋಯಿತಾ? ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿಯಿತಾ? ಕಾಯಿಲ್ ಅಲ್ಲ. ಹೀಗೇ ಪ್ಲಗ್ ಅದಲು ಬದಲು ಮಾಡಿ. ಅದೂ ಅಲ್ಲ ಅಂದರೆ ಗ್ಯಾಸ್ ಇಂಜೆಕ್ಟರ್. ಅದರ ಪೈಪ್ ಮತ್ತು ವೈರಿಂಗ್ ಸಾಕೆಟ್ ಎರಡನ್ನೂ ಒಟ್ಟಿಗೆ ಅದಲು ಬದಲು ಮಾಡಬೇಕು. ಒಂದನ್ನೇ ಮಾಡಿದರೆ ಗ್ಯಾಸ್ ತಪ್ಪು ಸಮಯಕ್ಕೆ ತಪ್ಪು ಸಿಲಿಂಡರ್‌ಗೆ ಹೋಗುತ್ತದೆ. ಇದನ್ನು ಎಂಜಿನ್ ಆಫ್ ಮಾಡಿ, ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ಹೋದ ಮೇಲೆ ಗೊತ್ತಿರುವವರೇ ಮಾಡಲಿ. ಅನುಮಾನ ಬಂದ ಬಿಡಿಭಾಗವನ್ನೆಲ್ಲ ಹೊಸದಾಗಿ ಕೊಳ್ಳುವುದಕ್ಕಿಂತ ಈ ಅದಲು ಬದಲು ಆಟ ಎಷ್ಟೋ ವಾಸಿ.

ಗ್ಯಾಸ್ ಇಂಜೆಕ್ಟರ್ ಕೆಡುವುದಕ್ಕೆ ದೊಡ್ಡ ಕಾರಣ ಎಣ್ಣೆ. ಬಂಕ್‌ನ ಕಂಪ್ರೆಸರ್ ಎಣ್ಣೆಯ ಅಂಶ ಗ್ಯಾಸ್ ಜೊತೆ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಫಿಲ್ಟರ್ ಹಿಡಿಯದೆ ಬಿಟ್ಟದ್ದು ಇಂಜೆಕ್ಟರ್‌ನೊಳಗೆ ಅಂಟುತ್ತದೆ. ಲಕ್ಷಣ ಸ್ಪಷ್ಟ: ಗ್ಯಾಸ್‌ಗೆ ಬದಲಾದ ಮೊದಲ ಕೆಲವು ನಿಮಿಷ ಒಂದು ಸಿಲಿಂಡರ್ ಸತ್ತಂತೆ ನಡುಕ, ಬಿಸಿಯಾದ ಮೇಲೆ ಸರಿ. ಅಂಟು ಬಿಸಿಗೆ ಸಡಿಲವಾಗುತ್ತದೆ, ಅಷ್ಟೇ.

ಎಂಜಿನ್ ಲೈಟ್ ಮಿನುಗುತ್ತಿದ್ದರೆ ಗ್ಯಾಸ್‌ನಲ್ಲಿ ಓಡಿಸುವುದನ್ನು ನಿಲ್ಲಿಸಿ, ಪೆಟ್ರೋಲ್‌ಗೆ ಹಾಕಿ. ಉರಿಯದೆ ಹೋದ ಇಂಧನ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಉರಿದು ಅದನ್ನು ಕರಗಿಸಿಬಿಡುತ್ತದೆ.

ಊರೊಳಗೆ ಸರಿ, ಘಾಟಿಯಲ್ಲಿ ಎಳೆಯುತ್ತಿಲ್ಲ

ಗ್ಯಾಸ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಹತ್ತನೇ ಒಂದರಷ್ಟು ಶಕ್ತಿ ಕಡಿಮೆ. ಶಿರಾಡಿ ಘಾಟಿಯಲ್ಲಿ ಐದು ಜನ, ಲಗೇಜು, ಎಸಿ ಎಲ್ಲ ಹಾಕಿಕೊಂಡು ಲಾರಿ ಓವರ್‌ಟೇಕ್ ಮಾಡಲು ಆಗಲಿಲ್ಲ ಅಂದರೆ ಅದಕ್ಕೆ ರಿಪೇರಿ ಇಲ್ಲ. ಹೊಸದರಲ್ಲಿ ಎಳೆಯುತ್ತಿದ್ದ ಏರು ಈಗ ಎಳೆಯುತ್ತಿಲ್ಲ ಅಂದರೆ ಮಾತ್ರ ಹುಡುಕಬೇಕು.

ನಿಧಾನಕ್ಕೆ ಹೋಗುವಾಗ ಸಾಕಾಗುವ ಗ್ಯಾಸ್ ಜೋರಾಗಿ ಹೋಗುವಾಗ ಸಾಲುತ್ತಿಲ್ಲ ಅಂದರೆ ದಾರಿಯಲ್ಲಿ ಎಲ್ಲೋ ಕಿರಿದಾಗಿದೆ. ಮೊದಲ ಅನುಮಾನ ಲೋ ಪ್ರೆಷರ್ ಫಿಲ್ಟರ್ ಮೇಲೆ. ರೆಗ್ಯುಲೇಟರ್‌ಗೂ ಇಂಜೆಕ್ಟರ್ ರೈಲ್‌ಗೂ (ಗ್ಯಾಸ್ ಇಂಜೆಕ್ಟರ್‌ಗಳೆಲ್ಲ ಸಾಲಾಗಿ ಕೂತಿರುವ ಭಾಗ) ನಡುವೆ ಸಣ್ಣ ಡಬ್ಬಿಯಂತೆ ಇರುತ್ತದೆ. ಬಿಚ್ಚಿದಾಗ ಕಪ್ಪು ಎಣ್ಣೆ ಸುರಿದರೆ ಬದಲಿಸಿ. ತೊಳೆದು ಹಾಕುವ ವಸ್ತು ಅಲ್ಲ ಅದು.

ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲ. ಗ್ಯಾಸ್ ಸಿಲಿಂಡರ್ ವಾಲ್ವ್‌ನೊಳಗೆ ಎಕ್ಸೆಸ್ ಫ್ಲೋ ವಾಲ್ವ್ ಅಂತ ಒಂದು ಇರುತ್ತದೆ. ಅಪಘಾತದಲ್ಲಿ ಪೈಪ್ ತುಂಡಾದರೆ ಗ್ಯಾಸ್ ಒಮ್ಮೆಲೇ ನುಗ್ಗದಂತೆ ಅದು ದಾರಿ ಮುಚ್ಚುತ್ತದೆ. ಮುಚ್ಚಿದ್ದ ವಾಲ್ವನ್ನು ನಾವು ಸರ್ರನೆ ಪೂರ್ತಿ ತಿರುಗಿಸಿದರೂ ಅದು ಪೈಪ್ ಒಡೆಯಿತು ಅಂತಲೇ ತಿಳಿದು ಮುಚ್ಚಿಕೊಳ್ಳುತ್ತದೆ. ಸಣ್ಣ ತೂತಿನಿಂದ ಸ್ವಲ್ಪ ಗ್ಯಾಸ್ ಮಾತ್ರ ಬರುತ್ತದೆ. ಐಡ್ಲಿಂಗ್ ಚೆನ್ನಾಗಿರುತ್ತದೆ, ಹೈವೇಗೆ ಹೋದರೆ ಪೆಟ್ರೋಲ್‌ಗೆ ಬಿದ್ದುಬಿಡುತ್ತದೆ. ಸರ್ವಿಸ್ ಆದ ಮರುದಿನವೇ ಈ ತೊಂದರೆ ಶುರುವಾಗಿದ್ದರೆ ಎಂಜಿನ್ ಆಫ್ ಮಾಡಿ, ವಾಲ್ವ್ ಪೂರ್ತಿ ಮುಚ್ಚಿ, ಕೆಲವು ನಿಮಿಷ ಬಿಟ್ಟು, ತುಂಬಾ ನಿಧಾನಕ್ಕೆ ತೆರೆಯಿರಿ. ಖರ್ಚಿಲ್ಲದೆ ಸರಿಹೋಗುವ ಅಪರೂಪದ ದೋಷ ಇದು.

ಮೂರನೆಯದು ರೆಗ್ಯುಲೇಟರ್. 200 ಬಾರ್‌ನ ಗ್ಯಾಸ್ 2 ಬಾರ್ ಸುತ್ತಮುತ್ತಕ್ಕೆ ಇಳಿಯುವಾಗ ವಿಪರೀತ ತಣ್ಣಗಾಗುತ್ತದೆ. ಕೂಲಂಟ್ ಬಿಸಿ ಕೊಡದಿದ್ದರೆ ಒಳಗೆ ಹೆಪ್ಪುಗಟ್ಟುತ್ತದೆ. ಏರು ಹತ್ತುತ್ತಾ ಹತ್ತುತ್ತಾ ಶಕ್ತಿ ಕುಗ್ಗಿ, ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿಯಾಗುವುದು ಇದರ ಗುರುತು. ನಿಲ್ಲಿಸಿದ ಕೂಡಲೇ ಬಾನೆಟ್ ತೆರೆದರೆ ರೆಗ್ಯುಲೇಟರ್ ಮೇಲೆ ಬಿಳಿ ಹಿಮ ಕೂತಿರುವುದೂ ಉಂಟು. ಇದಕ್ಕೆ ರೆಗ್ಯುಲೇಟರ್ ಬದಲಿಸುವ ಮೊದಲು ಮೇಲೆ ಹೇಳಿದ ಕೂಲಂಟ್ ಪರೀಕ್ಷೆ ಮಾಡಿ.

ಟ್ರಿಮ್ ಓದಲು ಕಲಿತರೆ

ಸ್ಕ್ಯಾನರ್ ಇದ್ದವರಿಗೆ ಈ ಭಾಗ. ಕೋಡ್‌ಗಿಂತ ಹೆಚ್ಚು ಮಾತಾಡುವುದು ಫ್ಯುಯೆಲ್ ಟ್ರಿಮ್. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಎಂಜಿನ್ ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ಕಡಿಮೆ ಮಾಡಿದೆ ಅನ್ನುವ ಲೆಕ್ಕ ಅದು. ಶಾರ್ಟ್ ಟರ್ಮ್ ಅಂದರೆ ಆ ಕ್ಷಣದ್ದು, ಲಾಂಗ್ ಟರ್ಮ್ ಅಂದರೆ ಕಲಿತು ನೆನಪಿಟ್ಟುಕೊಂಡದ್ದು. ಬಿಸಿ ಎಂಜಿನ್‌ನಲ್ಲಿ ಎರಡೂ ಸೇರಿ ಸೊನ್ನೆಯ ಆಚೀಚೆ 10ರೊಳಗೆ ಇದ್ದರೆ ಚಿಂತೆ ಇಲ್ಲ.

ಪೆಟ್ರೋಲ್‌ನಲ್ಲಿ ಐಡ್ಲಿಂಗ್‌ನಲ್ಲೂ 2500 ಆರ್‌ಪಿಎಂನಲ್ಲೂ ಓದಿ ಬರೆದುಕೊಳ್ಳಿ. ಗ್ಯಾಸ್‌ಗೆ ಹಾಕಿ ಎರಡೂ ಕಡೆ ಮತ್ತೆ ಓದಿ. ಎರಡು ಇಂಧನದಲ್ಲೂ ಐಡ್ಲಿಂಗ್‌ನಲ್ಲಿ ಜಾಸ್ತಿ ಪ್ಲಸ್, 2500ರಲ್ಲಿ ಕಡಿಮೆ ಅಂದರೆ ಎಲ್ಲೋ ವ್ಯಾಕ್ಯೂಮ್ ಪೈಪ್ ಸೋರುತ್ತಿದೆ. ಗ್ಯಾಸ್ ನಳಿಗೆ ಕೂರಿಸಲು ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ (ಎಂಜಿನ್‌ಗೆ ಗಾಳಿ ಹಂಚುವ ಕೊಳವೆಗಳು) ಕೊರೆದ ತೂತುಗಳ ಸುತ್ತಲೂ ನೋಡಿ. ಪೆಟ್ರೋಲ್‌ನಲ್ಲಿ ಸರಿ, ಗ್ಯಾಸ್‌ನಲ್ಲಿ ಮಾತ್ರ ವೇಗ ಹೆಚ್ಚಿದಂತೆ ಪ್ಲಸ್ 20ರ ಕಡೆ ಓಡುತ್ತಿದೆ ಅಂದರೆ ಗ್ಯಾಸ್ ಸಾಲುತ್ತಿಲ್ಲ: ಫಿಲ್ಟರ್, ರೆಗ್ಯುಲೇಟರ್. ಟ್ರಿಮ್ ಎಲ್ಲ ಚೆನ್ನಾಗಿದೆ, ಆದರೂ ಜರ್ಕ್ ಇದೆ ಅಂದರೆ ಮತ್ತೆ ಕಿಡಿಯ ಕಡೆಗೇ ಹೋಗಿ.

ಇದರಲ್ಲೊಂದು ಮೋಸವೂ ಇದೆ. ಹೊರಗೆ ಹಾಕಿಸಿದ ಕಿಟ್‌ಗಳಲ್ಲಿ ಗ್ಯಾಸ್ ಕಂಪ್ಯೂಟರ್ ಪೆಟ್ರೋಲ್ ಕಂಪ್ಯೂಟರ್ ಹೇಳಿದ್ದನ್ನೇ ಗುಣಿಸಿ ಗ್ಯಾಸ್ ಬಿಡುತ್ತದೆ. ಗ್ಯಾಸ್ ಮ್ಯಾಪ್ ತಪ್ಪಿದ್ದರೆ ಪೆಟ್ರೋಲ್ ಕಂಪ್ಯೂಟರ್ ಆ ತಪ್ಪನ್ನು ಸರಿದೂಗಿಸಲು ಕಲಿಯುತ್ತದೆ. ಆಮೇಲೆ ಪೆಟ್ರೋಲ್‌ಗೆ ಹಾಕಿದಾಗಲೂ ಅದೇ ಪಾಠ ಒಪ್ಪಿಸುತ್ತದೆ. ಆಗ ಪೆಟ್ರೋಲ್‌ನಲ್ಲೂ ಗಾಡಿ ಹಾಳಾದಂತೆ ಕಾಣುತ್ತದೆ. ಅಂಥ ಅನುಮಾನ ಇದ್ದರೆ ಕೆಲವು ದಿನ ಪೂರ್ತಿ ಪೆಟ್ರೋಲ್‌ನಲ್ಲೇ ಓಡಿಸಿ. ಲಾಂಗ್ ಟರ್ಮ್ ಟ್ರಿಮ್ ತಾನಾಗಿ ಸೊನ್ನೆಯ ಹತ್ತಿರ ಬಂದು ಗಾಡಿ ಸರಿಯಾದರೆ ತಪ್ಪು ಗ್ಯಾಸ್ ಕಡೆ ಇದೆ. ಪ್ಲಗ್, ಫಿಲ್ಟರ್, ಕೂಲಂಟ್ ಎಲ್ಲ ನೋಡಿ ಮುಗಿದಿದ್ದರೆ ಟ್ಯೂನಿಂಗ್ ಮಾಡಿಸುವ ಸರಿಯಾದ ಹೊತ್ತು ಇದೇ.

"ತುಂಬಿಸಿದ ಗ್ಯಾಸ್ ರಾತ್ರೋರಾತ್ರಿ ಕಡಿಮೆಯಾಗಿದೆ"

ಹೆಚ್ಚಿನ ಸಲ ಎಲ್ಲೂ ಹೋಗಿರುವುದಿಲ್ಲ. ಬೇಗ ಬೇಗ ತುಂಬುವಾಗ ಸಿಲಿಂಡರ್‌ನೊಳಗಿನ ಗ್ಯಾಸ್ ಬಿಸಿಯಾಗುತ್ತದೆ, ಬಿಸಿ ಗ್ಯಾಸ್ ಹೆಚ್ಚು ಒತ್ತಡ ತೋರಿಸುತ್ತದೆ. ಬಂಕ್‌ನಲ್ಲಿ 200 ತೋರಿಸಿದ ಗೇಜ್ ಬೆಳಗ್ಗೆ ತಣ್ಣಗಾದಾಗ 180ರ ಹತ್ತಿರ ಇದ್ದರೆ ಅದು ಸಹಜ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ತುಂಬಿಸಿದರೆ ಅದೇ ಸಿಲಿಂಡರ್‌ಗೆ ಹಿಡಿಯುವ ಕೆಜಿಯೇ ಕಡಿಮೆ. ಸೋರಿಕೆ ಇದೆಯಾ ಅಂತ ತಿಳಿಯಬೇಕಾದರೆ ಒಂದು ಬೆಳಗ್ಗೆ ಗೇಜ್ ಓದಿ, ಕಾರು ಓಡಿಸದೆ ಮರುದಿನ ಅದೇ ಹೊತ್ತಿಗೆ ಓದಿ. ಮುಳ್ಳು ಇಳಿದಿದ್ದರೆ ಸೋಪಿನ ನೀರನ್ನು ಜಾಯಿಂಟ್‌ಗಳ ಮೇಲೆ ಹಚ್ಚಿ ಗುಳ್ಳೆ ನೋಡಿ. ಬೆಂಕಿಕಡ್ಡಿ ಗೀರಿ ನೋಡುವವರು ಈಗಲೂ ಇದ್ದಾರೆ. ಅಂಥವರ ಕೈಗೆ ಕಾರು ಕೊಡಬೇಡಿ.

ಕಡಿಮೆ ತುಂಬುವುದಕ್ಕೆ ಬಂಕ್ ಕೂಡ ಕಾರಣ. ಪೈಪ್‌ಲೈನ್ ಇರುವ ಬಂಕ್‌ನಲ್ಲಿ ಒತ್ತಡ ಚೆನ್ನಾಗಿರುತ್ತದೆ. ಲಾರಿಯಲ್ಲಿ ಸಿಲಿಂಡರ್ ಸಾಲು ತಂದು ಗ್ಯಾಸ್ ಕೊಡುವ ಬಂಕ್‌ಗಳಲ್ಲಿ ಲಾರಿಯ ಗ್ಯಾಸ್ ಮುಗಿಯುತ್ತಾ ಬಂದಾಗ ಒತ್ತಡ ಇಳಿಯುತ್ತದೆ. ಹಾಗಾಗಿ ಮೈಲೇಜ್ ಲೆಕ್ಕ ಹಾಕುವಾಗ ಗೇಜಿನ ಲೈಟ್ ನಂಬಬೇಡಿ. ಒಂದೇ ಬಂಕ್, ಒಂದೇ ಹೊತ್ತು, ಬಿಲ್‌ನಲ್ಲಿರುವ ಕೆಜಿ. ಇಷ್ಟು ಹಿಡಿದುಕೊಂಡು ನಾಲ್ಕೈದು ಸಲ ತುಂಬಿಸಿದ ಮೇಲೆ ಸರಾಸರಿ ನೋಡಿ. 60 ಲೀಟರ್ ನೀರು ಹಿಡಿಯುವ ಸಿಲಿಂಡರ್‌ಗೆ 8–9 ಕೆಜಿ ಬಿದ್ದರೆ ಬೇಸರಪಡುವ ಕಾರಣ ಇಲ್ಲ.

ಟ್ಯಾಪೆಟ್ ಸದ್ದು ಕಡಿಮೆಯಾದರೆ

ಗ್ಯಾಸ್ ಒಣ ಇಂಧನ. ಪೆಟ್ರೋಲ್ ಹನಿಗಳಿಂದ ಎಂಜಿನ್‌ನ ವಾಲ್ವ್‌ಗೆ ಸಿಗುವ ತಂಪು ಗ್ಯಾಸ್‌ನಲ್ಲಿ ಸಿಗುವುದಿಲ್ಲ. ಬಹಳ ಕಿಲೋಮೀಟರ್ ಓಡಿದ ಮೇಲೆ ವಾಲ್ವ್ ಸೀಟ್ ಸವೆದು ವಾಲ್ವ್ ಮೇಲೆ ಮೇಲೆ ಹೋಗುತ್ತದೆ, ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದು, ಅಂದರೆ ಟ್ಯಾಪೆಟ್ ಗ್ಯಾಪ್ ಕಡಿಮೆಯಾಗುತ್ತದೆ. ಗ್ಯಾಪ್ ಕಡಿಮೆಯಾದರೆ ಸದ್ದೂ ಕಡಿಮೆ. ಮೊದಲು ಟಿಕ್‌ಟಿಕ್ ಅನ್ನುತ್ತಿದ್ದ ಎಂಜಿನ್ ಈಗ ಶಾಂತವಾಗಿದೆ ಅಂತ ಖುಷಿಪಡಬೇಡಿ. ಜೊತೆಗೆ ಐಡ್ಲಿಂಗ್‌ನಲ್ಲಿ ನಡುಕ, ಬೆಳಗ್ಗೆ ಸ್ಟಾರ್ಟ್ ಕಷ್ಟ, ಎರಡೂ ಇಂಧನದಲ್ಲಿ ಪಿಕಪ್ ಕಡಿಮೆ ಇದ್ದರೆ ಟ್ಯಾಪೆಟ್ ಗ್ಯಾಪ್ ಅಳೆಸಿ, ಕಂಪ್ರೆಷನ್ ನೋಡಿಸಿ. ತಡ ಮಾಡಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ.

ಹಳೆ ಕಿಟ್, ಎಲ್‌ಪಿಜಿ ಆಟೋ

ಮಿಕ್ಸರ್ ಇರುವ ಹಳೆ ಕಿಟ್‌ಗಳಲ್ಲಿ ಇನ್‌ಟೇಕ್ ಪೈಪಿನ ತುಂಬ ಗ್ಯಾಸ್ ಗಾಳಿ ಬೆರೆತು ನಿಂತಿರುತ್ತದೆ. ಕಿಡಿ ತಪ್ಪಿದರೆ ಹಿಂದಕ್ಕೆ ಢಂ ಅಂತ ಹೊಡೆದು ಏರ್ ಫಿಲ್ಟರ್ ಡಬ್ಬಿ ಒಡೆಯುತ್ತದೆ. ಡಬ್ಬಿ ಬದಲಿಸುವ ಮೊದಲು ಪ್ಲಗ್ ವೈರ್ ಬದಲಿಸಿ. ಬೆಂಗಳೂರಿನ ಎಲ್‌ಪಿಜಿ ಆಟೋಗಳಲ್ಲಿ ಗ್ಯಾಸ್ ದ್ರವವಾಗಿ ಇರುತ್ತದೆ, ಟ್ಯಾಂಕ್ ಶೇ. 80ಕ್ಕಿಂತ ಹೆಚ್ಚು ತುಂಬುವಂತಿಲ್ಲ. ಅಲ್ಲಿನ ಸಾಮಾನ್ಯ ತೊಂದರೆ, ದ್ರವವನ್ನು ಆವಿ ಮಾಡುವ ವೇಪರೈಸರ್‌ನಲ್ಲಿ ಕೂರುವ ಎಣ್ಣೆಯಂಥ ಅಂಟು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ, ಸರ್ವಿಸ್ ಗುಂಡಿಯಲ್ಲಿ ನಿಲ್ಲುತ್ತದೆ. ಅಡುಗೆ ಸಿಲಿಂಡರ್‌ನಿಂದ ತುಂಬಿಸಿದ ಗಾಡಿಯ ದೋಷ ಹುಡುಕಲು ಹೋಗಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಗ್ಯಾರೇಜಿಗೆ ಹೋಗುವಾಗ

"ಪಿಕಪ್ ಇಲ್ಲ" ಅಂತ ಹೇಳಿದರೆ ಮೆಕ್ಯಾನಿಕ್‌ಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: "ಬಿಸಿ ಆದ್ಮೇಲೆ, ಗ್ಯಾಸ್‌ನಲ್ಲಿ ಮಾತ್ರ, ಮೂರನೇ ಗೇರ್‌ನಲ್ಲಿ ಏರು ಹತ್ತುವಾಗ ಜರ್ಕ್. ಪೆಟ್ರೋಲ್‌ನಲ್ಲಿ ಇಲ್ಲ. ಪ್ಲಗ್ ಇಷ್ಟು ಸಾವಿರ ಕಿಲೋಮೀಟರ್ ಹಿಂದೆ ಹಾಕಿದ್ದು. ಕಾಯಿಲ್ ಅದಲು ಬದಲು ಮಾಡಿದೆ, ಕೋಡ್ ಜಾಗ ಬದಲಿಸಲಿಲ್ಲ." ಟ್ಯೂನಿಂಗ್ ಮಾಡುವವರಿಗೆ ಹಳೆಯ ಮ್ಯಾಪ್‌ನ ಒಂದು ಕಾಪಿ ಇಟ್ಟುಕೊಂಡೇ ಕೈಹಾಕಲು ಹೇಳಿ. ಸರಿಹೋಗದಿದ್ದರೆ ಮೊದಲಿದ್ದ ಜಾಗಕ್ಕಾದರೂ ಮರಳಬಹುದು.

ಅಲ್ಲಿಗೆ ಹೋದಾಗಲೇ ಸಿಲಿಂಡರ್ ತಪಾಸಣೆಯ ಪ್ಲೇಟ್ ಮೇಲಿನ ದಿನಾಂಕವನ್ನೂ ನೋಡಿಬಿಡಿ. ಸಿಎನ್‌ಜಿ ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಕಡ್ಡಾಯ, ಅದೂ ಪೆಸೊ (ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಅನುಮತಿ ಇರುವ ಕೇಂದ್ರದಲ್ಲೇ. ದಿನಾಂಕ ಮುಗಿದಿದ್ದರೆ ಬಂಕ್‌ನವರು ಗ್ಯಾಸ್ ಹಾಕದೆ ವಾಪಸ್ ಕಳಿಸಬಹುದು. ಹೊರಗೆ ಕಿಟ್ ಹಾಕಿಸಿದ್ದರೆ ಆರ್‌ಸಿಯಲ್ಲಿ ಇಂಧನ ಬದಲಾವಣೆ ನಮೂದಾಗಿದೆಯಾ, ವಿಮೆಯಲ್ಲಿ ಕಿಟ್ ಸೇರಿದೆಯಾ ಅಂತಲೂ ಅದೇ ದಿನ ನೋಡಿಕೊಳ್ಳಿ.